ಕೆಳದವಡೆಗೆ ಒಂದು ಇಂಪ್ಲಾಂಟ್: ಅಳತೆ, ಬಿಲ್ಲು, ಆಮೇಲಿನ ಆರೈಕೆ

ಗಂಗಾವತಿ_ಗದ್ದೆ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮವ್ವಗ 58 ವರ್ಷ. ಎಡಗಡೆ ಕೆಳಗಿನ ಮೊದಲನೇ ದವಡೆ ಹಲ್ಲು ಕೀಳಿಸಿ ಎರಡು ವರ್ಷ ಆತು. ಅದರ ಹಿಂದ-ಮುಂದಿನ ಹಲ್ಲು ಗಟ್ಟಿ ಅದಾವ, ರೂಟ್ ಕೆನಾಲ್ ಏನೂ ಆಗಿಲ್ಲ. ಶುಗರ್ ಐತಿ, ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಎಚ್‌ಬಿಎ1ಸಿ 7.4. ಬಿಪಿ ಗುಳಿಗಿ ಜೋಡಿ ರಕ್ತ ಹೆಪ್ಪುಗಟ್ಟದಂಗ ಕೊಡೋ ಎಕೋಸ್ಪ್ರಿನ್ 75 ನಡದೈತಿ. ತಂಬಾಕು ಇಲ್ಲ, ಅಡಿಕಿ ಮಾತ್ರ ದಿನಾ ಬಾಯಾಗ ಇರ್ತದ.

ದವಡಿ ಎಲುಬಿನ ಸಿಬಿಸಿಟಿ (3ಡಿ) ಸ್ಕ್ಯಾನ್ ಮಾಡಿಸೀವಿ. ಆ ಜಾಗದಾಗ ಎಲುಬಿನ ಅಗಲ 6.5 ಮಿಮೀ, ನರದ ಮೇಲಿನ ಎತ್ತರ 12 ಮಿಮೀ ಅಂತ ಬರದಾರ. ಎಲುಬಿಗೆ ಸ್ಕ್ರೂ ಕೂರಿಸಿ ಅದರ ಮ್ಯಾಲ ಹಲ್ಲು ಹಾಕೋ ಇಂಪ್ಲಾಂಟಿಗೆ ಎರಡು ಕಡೆ ರೇಟ್ ಕೇಳಿದ್ವಿ. ಒಬ್ಬರು 26,000 "ಎಲ್ಲಾ ಸೇರಿ" ಅಂದ್ರು. ಇನ್ನೊಬ್ಬರು 42,000, ಕ್ಯಾಪ್ ಬ್ಯಾರೆ ಅಂದ್ರು.

ಕೇಳೋದು ಇಷ್ಟು: ಇಂಪ್ಲಾಂಟ್ ಸರಿನೋ, ಪಕ್ಕದ ಎರಡು ಹಲ್ಲಿಗೆ ಆತು ಕೂರಿಸೋ ಬ್ರಿಜ್ ಸಾಕೋ? ಈ ಅಳತಿಗೆ ಎಷ್ಟು ಸೈಜಿನ ಸ್ಕ್ರೂ ಹಿಡಿತದ? ಆ ಎರಡು ರೇಟಿನ ನಡುವಿನ ಅಂತರ ಯಾವುದರಾಗ ಐತಿ? ರೊಟ್ಟಿ ತಿನ್ನಾಕ ಎಷ್ಟು ತಿಂಗಳು ಕಾಯಬೇಕು? ಇನ್ನೊಂದು, ಬೋರಿನ ನೀರು ಕುಡಿದು ಅವ್ವನ ಹಲ್ಲಿನ ಮೇಲೆ ಕಂದು ಪಟ್ಟಿ ಅದಾವ, ಹೊಸ ಕ್ಯಾಪು ಅದಕ್ಕ ಹೊಂದ್ತದೋ ಇಲ್ಲೋ?

---

ಟಾರ್ಕ್_35 (ಬಳ್ಳಾರಿ)

ಬ್ರಿಜ್ ಹಾಕಬೇಕಂದ್ರೆ ಹಿಂದಿನ, ಮುಂದಿನ ಎರಡೂ ಹಲ್ಲನ್ನು ಸುತ್ತಲೂ ತೇಯ್ದು ಸಣ್ಣ ಮಾಡಬೇಕು. ಹುಳುಕೇ ಇಲ್ಲದ ಎರಡು ಹಲ್ಲನ್ನು ಹಾಗೆ ಮಾಡೋದು ನನಗೆ ಸರಿಕಾಣಲ್ಲ. ಅವುಗಳಲ್ಲಿ ದೊಡ್ಡ ಫಿಲ್ಲಿಂಗೋ ಕ್ಯಾಪೋ ಮೊದಲೇ ಇದ್ದಿದ್ದರೆ ಬ್ರಿಜ್ ಅಂತಲೇ ಹೇಳ್ತಿದ್ದೆ. ನಿಮ್ಮ ತಾಯಿಯವರಿಗೆ ಇಂಪ್ಲಾಂಟ್ ಸರಿ.

ಆದರೆ ಎರಡು ವರ್ಷ ಜಾಗ ಖಾಲಿ ಬಿಟ್ಟಿದ್ದೀರಿ. ಅಷ್ಟರಲ್ಲಿ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಮೇಲಿನ ಹಲ್ಲು ಕೆಳಕ್ಕೆ ಇಳಿಯುತ್ತದೆ. ಸ್ಕ್ಯಾನಿಗಿಂತ ಮೊದಲು ಇದನ್ನು ನೋಡಬೇಕಿತ್ತು. ಎರಡು ಹಲ್ಲಿನ ನಡುವೆ ಕನಿಷ್ಠ 7 ಮಿಮೀ ಬೇಕು: ಸ್ಕ್ರೂಗೆ 4, ಪಕ್ಕದ ಹಲ್ಲಿನಿಂದ ಎರಡೂ ಕಡೆ ತಲಾ ಒಂದೂವರೆ. ಮೇಲಿನ ಹಲ್ಲಿಗೂ ಕೆಳಗಿನ ವಸಡಿಗೂ ನಡುವೆ ಆರೇಳು ಮಿಮೀ ಇಲ್ಲದಿದ್ದರೆ ಕ್ಯಾಪು ತೆಳ್ಳಗಾಗಿ ಪದೇ ಪದೇ ಒಡೆಯುತ್ತದೆ ಇಲ್ಲವೇ ಕಳಚುತ್ತದೆ.

ಇನ್ನು ಸೈಜು. ಅಗಲ 6.5ರಲ್ಲಿ 4 ಮಿಮೀ ಸ್ಕ್ರೂ ಕಳೆದರೆ ಕೆನ್ನೆ ಕಡೆ, ನಾಲಿಗೆ ಕಡೆ ತಲಾ 1.25 ಉಳಿಯಿತು. ಒಂದು ಮಿಮೀಗಿಂತ ಕಡಿಮೆ ಆದರೆ ಆ ತೆಳು ಎಲುಬಿನ ಗೋಡೆ ಕರಗಿ ಸ್ಕ್ರೂವಿನ ಎಳೆ ಹೊರಗೆ ಕಾಣುತ್ತದೆ. ಹಾಗಾಗಿ 4.0 ಅಥವಾ 4.2, ಅದಕ್ಕಿಂತ ದಪ್ಪ ಬೇಡ. ಒಂದು ಮಾತು ಕೇಳಿ: ಆ 6.5 ಎಲ್ಲಿ ಅಳೆದದ್ದು? ಎಲುಬಿನ ತುದಿಯಲ್ಲೋ, 3 ಮಿಮೀ ಕೆಳಗೋ? ಹಲ್ಲು ಕಿತ್ತ ಜಾಗ ಮೇಲ್ಗಡೆ ಬದುವಿನ ಹಾಗೆ ಚೂಪಾಗಿರುತ್ತದೆ. ಆ ಚೂಪು ತುದಿಯನ್ನು ಒಂದು ಮಿಮೀ ಸವರಿ ಸಮ ಮಾಡಿದರೆ ಅಗಲ ಸಿಗುತ್ತದೆ, ಎತ್ತರ 12 ಇದ್ದದ್ದು 11 ಆಗುತ್ತದೆ.

ಉದ್ದದಲ್ಲಿ ನರದಿಂದ 2 ಮಿಮೀ ದೂರ ಅನ್ನೋದು ನಿಯಮ. 12ರಲ್ಲಿ 2 ಹೋದರೆ 10. ಹಾಗಂತ ಕಣ್ಣುಮುಚ್ಚಿ 10 ಹಾಕಬಾರದು. ಡ್ರಿಲ್ಲಿನ ಮೇಲೆ 10 ಅಂತ ಗೆರೆ ಇದ್ದರೂ ಅದರ ಚೂಪು ಮೂತಿ ಅರ್ಧದಿಂದ ಒಂದು ಮಿಮೀ ಇನ್ನೂ ಕೆಳಗೆ ಹೋಗಿರುತ್ತದೆ, ಕಂಪನಿ ಮೇಲೆ ಹೆಚ್ಚುಕಮ್ಮಿ. ತುದಿ ಸವರುವುದಿದ್ದರೆ 8.5 ಉದ್ದದ್ದೇ ಜಾಣತನ. ಉದ್ದ ಒಂದೂವರೆ ಮಿಮೀ ಕಡಿಮೆ ಆದರೆ ಹಿಡಿತಕ್ಕೆ ನಷ್ಟ ಏನಿಲ್ಲ, ಕೆಳದವಡೆಯ ಎಲುಬು ಗಟ್ಟಿ. ನರಕ್ಕೆ ತಾಗಿದರೆ ಮಾತ್ರ ಅರ್ಧ ತುಟಿ ಜೋಮು ಹಿಡಿದದ್ದು ಉಳಿದೇ ಹೋಗಬಹುದು. ಅರಿವಳಿಕೆಯ ಜೋಮು ಮೂರರಿಂದ ಐದು ತಾಸಿನಲ್ಲಿ ಇಳಿಯಬೇಕು. ಅವತ್ತು ರಾತ್ರಿಯೂ ತುಟಿ, ಗದ್ದ ಜೋಮು ಇದ್ದರೆ "ನಾಳೆ ನೋಡೋಣ" ಅನ್ನದೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಒಂದು ದಿನದೊಳಗೆ ಸ್ಕ್ರೂ ಬಿಚ್ಚಿದರೆ ನರ ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿರುತ್ತದೆ.

ಶುಗರ್ 7.4ಕ್ಕೆ ಮಾಡಬಹುದು. 7ರ ಹತ್ತಿರ ತಂದರೆ ಇನ್ನೂ ಒಳ್ಳೇದು, 8 ದಾಟಿದರೆ ಮುಂದೂಡಿ. ಎಕೋಸ್ಪ್ರಿನ್ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಒಂದು ಸ್ಕ್ರೂ ಹಾಕಿದಾಗ ಬರುವ ರಕ್ತ ಒತ್ತಿ ಹಿಡಿದು ಹೊಲಿಗೆ ಹಾಕಿದರೆ ನಿಲ್ಲುತ್ತದೆ, ಹೃದಯದ ರಕ್ತನಾಳ ಕಟ್ಟಿಕೊಂಡರೆ ಹಾಗೆ ನಿಲ್ಲಿಸಲಾಗದು. ನೀವು ಬರೆಯದೆ ಬಿಟ್ಟದ್ದು ಒಂದಿದೆ: ಎಲುಬಿನ ಸವೆತಕ್ಕೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಗುಳಿಗೆ, ಇಲ್ಲವೇ ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಯಾವತ್ತಾದರೂ ಆಗಿದೆಯಾ? ಆ ವಯಸ್ಸಿನ ಹೆಣ್ಣುಮಕ್ಕಳಿಗೆ ಮಂಡಿ-ಸೊಂಟದ ಡಾಕ್ಟರ್ ಕೊಟ್ಟಿರುತ್ತಾರೆ, ಮನೆಯವರು ಕ್ಯಾಲ್ಸಿಯಂ ಅಂದುಕೊಂಡಿರುತ್ತಾರೆ. ಆ ಔಷಧಿ ಇದ್ದಾಗ ದವಡೆ ಎಲುಬು ಗಾಯವಾದರೆ ಮಾಯದೆ ಸಾಯಬಹುದು. ಹಳೇ ಚೀಟಿ ಎಲ್ಲಾ ತೆಗೆದುಕೊಂಡು ಹೋಗಿ.

ಅಡಿಕೆ ವಿಷಯ: ಅವರದೇ ಕೈಯ ಮೂರು ಬೆರಳು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಹೋಗುತ್ತಾವಾ ನೋಡಿ. ವರ್ಷಗಟ್ಟಲೆ ಅಡಿಕೆ ಅಗಿದರೆ ಕೆನ್ನೆಯ ಒಳಪದರ ಬಿಗಿದು ಬಾಯಿ ಪೂರ್ತಿ ತೆರೆಯಲ್ಲ. ಎರಡೇ ಬೆರಳು ಹಿಡಿಸಿದರೆ ದವಡೆ ಹಲ್ಲಿನ ಜಾಗದಲ್ಲಿ ಡ್ರಿಲ್ಲು ನೆಟ್ಟಗೆ ನಿಲ್ಲಲ್ಲ, ಸ್ಕ್ರೂ ಓರೆ ಕೂರುತ್ತದೆ. ಮೊದಲು ಅದಕ್ಕೆ ತೋರಿಸಬೇಕು.

---

ಗೋಡೆ_ಬರಹ

ಬಸ್‌ಸ್ಟ್ಯಾಂಡ್ ಗೋಡೆ ಮೇಲೆಲ್ಲಾ "ಮೂರೇ ದಿನದಲ್ಲಿ ಖಾಯಂ ಹಲ್ಲು" ಅಂತ ಬರೆದಿರ್ತಾರಲ್ರೀ. ಅದು ಆಗೋದಾದ್ರೆ ಇವರು ತಿಂಗಳುಗಟ್ಟಲೆ ಯಾಕೆ ಕಾಯಬೇಕು?

---

ಟಾರ್ಕ್_35 (ಬಳ್ಳಾರಿ)

ಸುಳ್ಳಲ್ಲ, ಆದರೆ ಅದು ಬೇರೆ ಕೆಲಸ. ಒಂದೂ ಹಲ್ಲಿಲ್ಲದ ದವಡೆಗೆ ಹಲವು ಸ್ಕ್ರೂ ಹಾಕಿ, ಎಲ್ಲವನ್ನೂ ಒಂದೇ ಪಟ್ಟಿಗೆ ಬಿಗಿದರೆ ಭಾರ ಹಂಚಿಕೊಂಡು ಒಂದನ್ನೊಂದು ಅಲುಗಾಡದಂತೆ ಹಿಡಿಯುತ್ತವೆ. ಅಲ್ಲಿ ಬೇಗ ಹಲ್ಲು ಕೊಡಬಹುದು. ಒಂಟಿ ದವಡೆ ಹಲ್ಲಿಗೆ ಆ ಆಸರೆ ಇಲ್ಲ, ಅಗಿಯುವ ಪೂರಾ ಭಾರ ಅದೊಂದರ ಮೇಲೆ.

ಯಾಕೆ ಕಾಯಬೇಕು ಅಂದರೆ: ಸ್ಕ್ರೂ ಹಾಕಿದ ದಿನದ ಬಿಗಿತ ಮರಕ್ಕೆ ಮೊಳೆ ಹೊಡೆದ ಹಾಗೆ, ಬರೀ ಒತ್ತಡದ್ದು. 35 ನ್ಯೂಟನ್ ಸೆಂಟಿಮೀಟರ್ ಬಿಗಿ ಬಂದರೆ ಸಾಕಷ್ಟು ಆಯಿತು. ಆಮೇಲೆ ದೇಹ ಆ ಒತ್ತಿದ ಎಲುಬನ್ನು ಕರಗಿಸಿ ಹೊಸದು ಕಟ್ಟುತ್ತದೆ. ಕರಗುವುದು ಮೊದಲು, ಕಟ್ಟುವುದು ಆಮೇಲೆ. ಹಾಗಾಗಿ ಎರಡರಿಂದ ನಾಲ್ಕನೇ ವಾರದ ನಡುವೆ ಸ್ಕ್ರೂ ಮೊದಲ ದಿನಕ್ಕಿಂತ ಸಡಿಲ ಇರುತ್ತದೆ. ಫಜೀತಿ ಏನಂದ್ರೆ, ನೋವು-ಬಾವು ಪೂರ್ತಿ ಇಳಿದು "ಎಲ್ಲಾ ಆರಾಮ" ಅನ್ನಿಸುವುದೂ ಅದೇ ಹೊತ್ತಿಗೆ. ಆಗ ಆ ಕಡೆ ಕಡಕ್ ರೊಟ್ಟಿ ಕಡಿದರೆ ಸ್ಕ್ರೂ ಕೂದಲೆಳೆಯಷ್ಟು ಅಲುಗುತ್ತದೆ, ಎಲುಬಿನ ಬದಲು ಸುತ್ತ ಮೆತ್ತನೆ ನಾರು ಬೆಳೆಯುತ್ತದೆ. ನಾರು ಬೆಳೆದ ಮೇಲೆ ಅದು ಯಾವತ್ತೂ ಹಿಡಿಯಲ್ಲ, ತೆಗೆಯಲೇಬೇಕು. ಕೆಳದವಡೆಗೆ ಎರಡು-ಮೂರು ತಿಂಗಳು, ಎಲುಬು ಸ್ಪಂಜಿನಂತಿರುವ ಮೇಲಿನ ದವಡೆಗೆ ನಾಲ್ಕರಿಂದ ಆರು. ಶುಗರ್ ಇರೋರಿಗೆ ಮೂರು ತುಂಬಲಿ ಅಂತೀನಿ ನಾನು.

ಇನ್ನೊಂದು ವೈರಿ ಬಿಸಿ. ಡ್ರಿಲ್ ಮಾಡುವಾಗ ಎಲುಬು 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೆ ಸಾಕು, ಕೆಡುತ್ತದೆ. ಅದಕ್ಕೇ ತಂಪು ಸಲೈನ್ ಸುರಿಯುತ್ತಾ, 2 ಮಿಮೀ ಡ್ರಿಲ್ಲಿನಿಂದ ಶುರುಮಾಡಿ ಹಂತ ಹಂತವಾಗಿ ಅಗಲ ಮಾಡುವುದು. ಕೆಳದವಡೆಯ ಗಟ್ಟಿ ಎಲುಬಿನಲ್ಲಿ ಮೊಂಡ ಡ್ರಿಲ್ಲು ಒತ್ತಿ ಕೊರೆದರೆ ಸ್ಕ್ರೂ ಒಂದು ತಿಂಗಳೊಳಗೆ ನೋವಿನೊಂದಿಗೆ ಸಡಿಲಾಗುತ್ತದೆ. ಡ್ರಿಲ್ಲು ಎಷ್ಟು ಸಲ ಬಳಸಿದ್ದು ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

---

ಕ್ಯಾಪ್_ಲ್ಯಾಬ್ (ರಾಯಚೂರು)

ರೇಟಿನ ಬಗ್ಗೆ ಯಾರೂ ಮುಟ್ಟಿಲ್ಲ, ನಾನು ಹೇಳ್ತೀನಿ. "ಎಲ್ಲಾ ಸೇರಿ" ಅನ್ನೋದನ್ನ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಎಲುಬಿನೊಳಗಿನ ಸ್ಕ್ರೂ, ವಸಡು ಆಕಾರಕ್ಕೆ ಬರೋ ತನಕ ಇಡೋ ಹೀಲಿಂಗ್ ಕ್ಯಾಪ್, ಸ್ಕ್ರೂಗೂ ಕ್ಯಾಪಿಗೂ ನಡುವಿನ ಅಬಟ್‌ಮೆಂಟ್, ಅಚ್ಚು ತೆಗೆಯೋ ಸಾಮಾನು, ಕೊನೆಗೆ ಹಲ್ಲಿನ ಕ್ಯಾಪು. ಎಲುಬಿನ ಪುಡಿ ಹಾಕಬೇಕಾದ್ರೆ ಅದು ಬೇರೆ. ಸ್ಕ್ರೂ ಹಿಡಿಯದೆ ಹೋದ್ರೆ ಎರಡನೇದ್ದರ ದುಡ್ಡು ಯಾರದು ಅನ್ನೋದನ್ನೂ ಈಗಲೇ ಕೇಳಿ, ಆಮೇಲೆ ಕೇಳಿದ್ರೆ ಬರೀ ಜಗಳ.

ಅಂತರ ಬರೋದು ಬಹುಪಾಲು ಕಂಪನಿಯಿಂದ. ಕಡಿಮೆ ರೇಟಿನದು ಕೆಟ್ಟದ್ದು ಅಂತಲ್ಲ, ನಿಮ್ಮ ಊರ ಸುತ್ತ ಅದರ ಬಿಡಿಭಾಗ ಹತ್ತು ವರ್ಷ ಬಿಟ್ಟೂ ಸಿಗ್ತದಾ ಅನ್ನೋದು ಮುಖ್ಯ. ಒಂದು ಕಂಪನಿಯ ಅಬಟ್‌ಮೆಂಟು ಇನ್ನೊಂದರ ಸ್ಕ್ರೂಗೆ ಕೂರಲ್ಲ. ಬಿಚ್ಚೋ ಡ್ರೈವರ್ರೇ ಒಂದಕ್ಕೆ 1.2 ಮಿಮೀ, ಇನ್ನೊಂದಕ್ಕೆ 1.25. ಆ ಕೂದಲೆಳೆ ವ್ಯತ್ಯಾಸಕ್ಕೆ ಸ್ಕ್ರೂ ತಲೆ ಸವೆದು ನುಣ್ಣಗಾದ್ರೆ ಹೊರಗೆ ತೆಗೆಯೋದು ದೇವರೇ ಗತಿ. ಸ್ಕ್ರೂ ಬರೋ ಡಬ್ಬಿ ಮೇಲೆ ಕಿತ್ತು ಅಂಟಿಸೋ ಸ್ಟಿಕರ್ ಇರ್ತಾವೆ: ಕಂಪನಿ, ಮಾಡೆಲ್, ಅಗಲ, ಉದ್ದ, ಲಾಟ್ ನಂಬರ್. ಒಂದು ಕ್ಲಿನಿಕ್ ಫೈಲಿಗೆ, ಒಂದು ನಿಮಗೆ. ಸ್ಟಿಕರ್ ಕೊಡಲ್ಲ ಅಂದ್ರೆ ಅಲ್ಲಿ ಮಾಡಿಸಬೇಡಿ. 26,000 ಆದ್ರೂ ಅಷ್ಟೇ, 42,000 ಆದ್ರೂ ಅಷ್ಟೇ.

ಕ್ಯಾಪು ಸಿಮೆಂಟ್ ಹಾಕಿ ಅಂಟಿಸೋದು ಒಂದು, ಮೇಲಿನಿಂದ ಸ್ಕ್ರೂ ಬಿಗಿಯೋದು ಇನ್ನೊಂದು. ದವಡೆ ಹಲ್ಲಿಗೆ ಸ್ಕ್ರೂ ಬಿಗಿಯೋದನ್ನೇ ಕೇಳಿ. ಸಿಮೆಂಟು ವಸಡಿನ ಕೆಳಗೆ ಜಾರಿ ಅಲ್ಲೇ ಗಟ್ಟಿಯಾದ್ರೆ ಕಣ್ಣಿಗೆ ಕಾಣಲ್ಲ, ತಿಂಗಳುಗಟ್ಟಲೆ ಕೀವು ಕಟ್ಟಿಸ್ತದೆ. ಸ್ಕ್ರೂದಾದ್ರೆ ಯಾವತ್ತಾದ್ರೂ ಬಿಚ್ಚಿ ತೊಳೆದು ಮತ್ತೆ ಹಾಕಬಹುದು. ತೂತಿನಲ್ಲಿ ಟೆಫ್ಲಾನ್ ಟೇಪು ತುಂಬಿ ಮೇಲೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಮುಚ್ಚಿರ್ತಾರೆ. ಅದೊಂದು ಚುಕ್ಕಿ ಕಾಣ್ತದೆ ಅಷ್ಟೇ, ಕೆಳಗಿನ ದವಡೆ ಹಲ್ಲನ್ನ ಯಾರು ಇಣುಕಿ ನೋಡ್ತಾರೆ? ಕ್ಯಾಪಿನ ಮಾಲು ಪೂರಾ ಜಿರ್ಕೋನಿಯಾ ಇರಲಿ. ಲೋಹದ ಮೇಲೆ ಪಿಂಗಾಣಿ ಲೇಪಿಸಿದ್ದು ಜೋಳದಾಗಿನ ಒಂದು ಹರಳು ಸಿಕ್ರೆ ಚಕ್ಕೆ ಏಳ್ತದೆ.

ಈಗ ಕಂದು ಪಟ್ಟಿ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ಫ್ಲೋರೈಡ್ ನೀರಿನ ಹಲ್ಲು ನಮಗೆ ನಿತ್ಯದ ಕೆಲಸ. ಬಣ್ಣದ ಪಟ್ಟಿಯಲ್ಲಿ ಎ2, ಎ3 ಅಂತ ಒಂದು ನಂಬರ್ ಬರೆದು ಕಳಿಸಿದ್ರೆ ಚೆಂದದ ಕ್ಯಾಪು ಬರ್ತದೆ, ಪಕ್ಕದ ಹಲ್ಲಿನ ಜೋಡಿ ಪರಕೀಯನ ಹಾಗೆ ನಿಲ್ತದೆ. ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಬಣ್ಣದ ಪಟ್ಟಿಯನ್ನ ಹಲ್ಲಿನ ಪಕ್ಕವೇ ಹಿಡಿದು ಫೋಟೋ ಬೇಕು. ಅದೂ ಅಪಾಯಿಂಟ್‌ಮೆಂಟಿನ ಮೊದಲ ಐದು ನಿಮಿಷದಲ್ಲಿ. ಬಾಯಿ ತೆರೆದು ಹಲ್ಲು ಒಣಗಿದ್ರೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಾಣ್ತದೆ, ಆ ಬಣ್ಣಕ್ಕೆ ಮಾಡಿದ ಕ್ಯಾಪು ಮನೆಗೆ ಹೋದ ಮೇಲೆ ಎದ್ದು ಕಾಣ್ತದೆ. ಫೋಟೋ ಸರಿ ಇದ್ರೆ ಕಂದು ಪಟ್ಟಿ, ಬಿಳಿ ಮಚ್ಚೆ ಎರಡನ್ನೂ ಬಣ್ಣ ಹಚ್ಚಿ ಸುಟ್ಟು ತರಬಹುದು. ಉಳಿದ ಹಲ್ಲು ಬಿಳಿ ಮಾಡಿಸೋ ಆಸೆ ಇದ್ರೆ ಅದನ್ನ ಮೊದಲೇ ಮಾಡಿಸಿ ಎರಡು ವಾರ ಬಿಟ್ಟು ಬಣ್ಣ ನೋಡಿ, ಕ್ಯಾಪನ್ನ ಆಮೇಲೆ ಬಿಳಿ ಮಾಡೋಕಾಗಲ್ಲ.

ಖರ್ಚು ಭಾರ ಅನ್ನಿಸಿದ್ರೆ ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜಿದೆ, ರಾಯಚೂರಲ್ಲೂ ದಂತ ಕಾಲೇಜುಗಳಿವೆ. ಅಲ್ಲಿನ ಪ್ರಾಸ್ಥೊಡಾಂಟಿಕ್ಸ್ (ಕೃತಕ ಹಲ್ಲು ಕೂರಿಸೋ) ವಿಭಾಗದಲ್ಲಿ ವಿಚಾರಿಸಿ. ಓಡಾಟ ಹೆಚ್ಚು. ಸರ್ಕಾರದ ದಂತಭಾಗ್ಯ ಯೋಜನೆಯ ಆಸೆ ಇಟ್ಕೋಬೇಡಿ, ಅದು ತೆಗೆದು ಹಾಕೋ ಹಲ್ಲಿನ ಸೆಟ್ಟಿಗೆ, ಇಂಪ್ಲಾಂಟಿಗಲ್ಲ.

---

ವಸಡು_ಮೊದಲು (ಕೊಪ್ಪಳ)

ಸ್ಕ್ರೂ ಹಾಕಿದ ದಿನದಿಂದ ಹೇಳ್ತೀನಿ. ಹತ್ತಿ ಬಟ್ಟೆ 45 ನಿಮಿಷ ಕಚ್ಚಿರಬೇಕು. ಉಗುಳಬಾರದು, ಸ್ಟ್ರಾ ಹಾಕಿ ಎಳನೀರು ಹೀರಬಾರದು, ಆ ಸೆಳೆತಕ್ಕೆ ಹೆಪ್ಪು ಕಿತ್ತು ಬರುತ್ತದೆ. ಮೊದಲ ದಿನ ಕೆನ್ನೆ ಹೊರಗೆ ಐಸು, ಹತ್ತು ನಿಮಿಷ ಇಟ್ಟು ಹತ್ತು ನಿಮಿಷ ಬಿಡಬೇಕು. ಬಾವು ಎರಡು-ಮೂರನೇ ದಿನ ಹೆಚ್ಚಾಗಿ ಆಮೇಲೆ ಇಳಿಯುತ್ತದೆ. ನಾಲ್ಕನೇ ದಿನ ಹೊಸದಾಗಿ ಏರಿದರೆ ಮಾತ್ರ ಸೋಂಕು ಅಂತ ತಿಳೀರಿ. ಶುಗರಿನವರು ಊಟ ಬಿಟ್ಟು ಗುಳಿಗೆ ನುಂಗುವುದು ದೊಡ್ಡ ತಪ್ಪು. ಆಪರೇಷನ್ ಬೆಳಗಿನ ತಿಂಡಿ ಆದ ಮೇಲೆ ಇಟ್ಟುಕೊಳ್ಳಿ. ಅವತ್ತು ಆರಿದ ಜೋಳದ ನುಚ್ಚು-ಮಜ್ಜಿಗೆ, ಮೊಸರನ್ನ. ರೊಟ್ಟಿ ಬಿಟ್ಟು ಇರಂಗಿಲ್ಲ ಅಂದರೆ ವಾರದ ಮೇಲೆ ಮೆತ್ತನ್ನ ಬಿಸಿರೊಟ್ಟಿ ಹಾಲಿನಲ್ಲಿ ನೆನೆಸಿ, ಬಲಗಡೆ ಅಗಿಯಲಿ. ಮಂಡಕ್ಕಿ ಒಗ್ಗರಣಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಹೊಲಿಗೆ ಬಿಚ್ಚುವ ತನಕ ಬೇಡ. ಮಂಡಕ್ಕಿಯ ಸಿಪ್ಪೆ ಹೊಲಿಗೆಯ ಸಂದಿಗೆ ಅಂಟಿದರೆ ತೊಳೆದರೂ ಬರಲ್ಲ.

ಮಾರನೇ ದಿನದಿಂದ ಬೆಚ್ಚನೆ ಉಪ್ಪುನೀರು, ಒಂದು ಲೋಟಕ್ಕೆ ಅರ್ಧ ಚಮಚ. ಬಾಯಲ್ಲಿ ತುಂಬಿ ತಲೆ ಅತ್ತಿತ್ತ ವಾಲಿಸಿ ಬಿಡಬೇಕು, ಗಳಗಳ ಮುಕ್ಕಳಿಸಬಾರದು. ಬಾಯಿ ತೊಳೆಯುವ ಔಷಧಿ ಕ್ಲೋರ್‌ಹೆಕ್ಸಿಡಿನ್ 0.2 ಪರ್ಸೆಂಟ್ ಬರೆದಿದ್ದರೆ 10 ಎಂಎಲ್, ಅರ್ಧ ನಿಮಿಷ, ದಿನಕ್ಕೆ ಎರಡು ಸಲ. ಪೇಸ್ಟ್ ಹಾಕಿ ತಿಕ್ಕಿದ ಕೂಡಲೇ ಹಾಕಿದರೆ ಪೇಸ್ಟಿನ ನೊರೆ ಅದರ ಗುಣ ಕೊಲ್ಲುತ್ತದೆ, ಅರ್ಧ ತಾಸು ಅಂತರ ಬೇಕು. ಎರಡು ವಾರ ಮೀರಿ ಮುಂದುವರಿಸಿದರೆ ಚಹಾ ಕುಡಿಯುವವರ ಹಲ್ಲು ಕಪ್ಪಾಗುತ್ತದೆ.

ಕ್ಯಾಪು ಕೂರಿಸಿದ ಮೇಲಿನ ಆರೈಕೆಯೇ ನಿಜವಾದ ಕೆಲಸ. ಸ್ವಂತ ಹಲ್ಲಿನ ಸುತ್ತ ವಸಡಿನ ನಾರು ಬೇರಿಗೆ ನೇಯ್ದುಕೊಂಡಿರುತ್ತದೆ. ಇಂಪ್ಲಾಂಟಿನ ಸುತ್ತ ಅದು ಬಳೆಯ ಹಾಗೆ ತಬ್ಬಿರುತ್ತದೆ, ಅಂಟಿರಲ್ಲ. ಹೊಲಸು ಅಲ್ಲಿಂದ ಸಲೀಸಾಗಿ ಕೆಳಗಿಳಿಯುತ್ತದೆ. ಒಳಗೆ ನರ ಇಲ್ಲ, ಹುಳುಕು ಹಿಡಿಯಲ್ಲ, ಹಾಗಾಗಿ ನೋವೂ ಬರಲ್ಲ. ಎಲುಬು ಅರ್ಧ ಕರಗಿದರೂ ಗೊತ್ತಾಗಲ್ಲ. ತಿಕ್ಕುವಾಗ ರಕ್ತ ಕಂಡರೆ ಅದೇ ಮೊದಲ ಸೂಚನೆ; ಆ ಹಂತದಲ್ಲಿ ತೊಳೆಸಿದರೆ ಪೂರ್ತಿ ವಾಸಿ. ಒತ್ತಿದಾಗ ಕೀವು ಬಂತೆಂದರೆ ಎಲುಬು ಕರಗುವುದು ಶುರುವಾಗಿರಬಹುದು, ಹೋದ ಎಲುಬನ್ನು ಮತ್ತೆ ಪೂರ್ತಿ ತರುವುದು ಕಷ್ಟ.

ದಿನಕ್ಕೆರಡು ಸಲ ಮೆತ್ತನೆ ಬ್ರಷ್, ವಸಡಿನ ಅಂಚಿಗೆ ಓರೆ ಹಿಡಿದು. ರಾತ್ರಿ ಒಂದು ಸಲ ಸಂದಿ ಬ್ರಷ್, ಅದರ ನಡುಗಡ್ಡಿ ಪ್ಲಾಸ್ಟಿಕ್ ಲೇಪದ್ದು ಇರಬೇಕು, ಬರೀ ತಂತಿ ಗೀರುತ್ತದೆ. ಸೈಜು ಡಾಕ್ಟರ್ ಹತ್ತಿರವೇ ಹಾಕಿಸಿ ನೋಡಿ. ಸ್ವಲ್ಪ ಬಿಗಿಯಾಗಿ ಹೋಗಬೇಕು, ಬಾಗಬಾರದು. ಹಲ್ಲಿನ ಸಂದಿಗೆ ದಾರ ಬಳಸುವವರು ಜೋಪಾನ, ಎಳೆ ಹರಿದು ಒರಟು ಮೈಗೆ ಸಿಕ್ಕಿಕೊಂಡರೆ ಅದೇ ಕೀವಿಗೆ ದಾರಿ. ಸೇಫ್ಟಿ ಪಿನ್ನು, ಕಡ್ಡಿಪೆಟ್ಟಿಗೆ ಕಡ್ಡಿ, ಇದ್ದಿಲು ಪುಡಿ ಬೇಡ. ಮಿಶ್ರಿ ಅಥವಾ ನಶ್ಯಪುಡಿಯಿಂದ ಹಲ್ಲು ತಿಕ್ಕುವ ರೂಢಿ ಇದ್ದರೆ ಅದು ತಂಬಾಕೇ. "ತಂಬಾಕು ಇಲ್ಲ" ಅಂದವರನ್ನು ಇನ್ನೊಮ್ಮೆ ಕೇಳಿ ನೋಡಿ.

ಕ್ಯಾಪು ಹಾಕಿದ ದಿನವೇ ಒಂದು ಎಕ್ಸ್‌ರೇ ಬೇಕು, ಮುಂದಿನ ವರ್ಷದ್ದನ್ನು ಹೋಲಿಸುವುದಕ್ಕೆ ಅದೇ ಆಧಾರ. ಶುಗರ್ ಇರುವುದರಿಂದ ನಾಲ್ಕು ತಿಂಗಳಿಗೊಮ್ಮೆ ತೋರಿಸಿ. ಕ್ಲೀನ್ ಮಾಡುವವರಿಗೆ ಅದು ಇಂಪ್ಲಾಂಟ್ ಅಂತ ಮೊದಲೇ ಹೇಳಿ. ಅಲ್ಲಿ ಸ್ಟೀಲ್ ಮೊನೆ ಬಳಸಬಾರದು, ಹುಳಿ ಅಂಶದ ಫ್ಲೋರೈಡ್ ಜೆಲ್ಲೂ ಹಚ್ಚಬಾರದು, ಟೈಟಾನಿಯಂ ಮೈ ತಿನ್ನುತ್ತದೆ. ಮಾಮೂಲಿ ಪೇಸ್ಟಿನಿಂದ ತೊಂದರೆ ಇಲ್ಲ.

---

ಗಂಗಾವತಿ_ಗದ್ದೆ

ಭಾಳ ಉಪಕಾರ ಆತ್ರಿ. ಮೂರು ಬೆರಳು ಹೋಗ್ತಾವ, ನೋಡಿದೆ. ಹಳೇ ಚೀಟಿ ಹುಡುಕಿದ್ರ ಎಲುಬಿನ ಇಂಜೆಕ್ಷನ್ ಯಾವುದೂ ಸಿಗಲಿಲ್ಲ, ಕ್ಯಾಲ್ಸಿಯಂ ಅಷ್ಟೇ. ಇನ್ನೊಂದು: ಮುಂದೆ ಎಂದಾರ ಕ್ಯಾಪು ಅಲುಗಾಡಿದ್ರ ಇಂಪ್ಲಾಂಟ್ ಹೋತು ಅಂತಾನ?

---

ಟಾರ್ಕ್_35 (ಬಳ್ಳಾರಿ)

ಬಹಳ ಸಲ ಇಲ್ಲ. ಒಳಗಿನ ಸಣ್ಣ ಸ್ಕ್ರೂ ಸಡಿಲ ಆಗಿರುತ್ತದೆ. ಕ್ಯಾಪು ತಿರುಗಿದ ಹಾಗೆ, ಟಕ್ ಟಕ್ ಅಂದ ಹಾಗೆ ಆಗುತ್ತದೆ, ನೋವಿರಲ್ಲ. ಆ ಕಡೆ ಅಗಿಯುವುದು ಅವತ್ತೇ ನಿಲ್ಲಿಸಿ ಎರಡು-ಮೂರು ದಿನದಲ್ಲಿ ಹೋಗಿ ಬಿಗಿಸಿ. ಸಡಿಲ ಇಟ್ಟುಕೊಂಡೇ ತಿಂಗಳು ಅಗಿದರೆ ಆ ಸ್ಕ್ರೂ ಒಳಗೇ ಮುರಿಯುತ್ತದೆ, ಆಗ ನಿಜವಾದ ರಂಪ. ಬಿಗಿಸುವಾಗ ಕೈ ಅಂದಾಜು ನಡೆಯಲ್ಲ, ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಿಂದ ಕಂಪನಿ ಹೇಳಿದಷ್ಟು, ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಸೆಂಟಿಮೀಟರ್. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಅಷ್ಟೇ ಬಿಗಿಸಬೇಕು, ಲೋಹ ಲೋಹ ಕೂತಾಗ ಮೊದಲಿನ ಬಿಗಿ ಸ್ವಲ್ಪ ಇಳಿದಿರುತ್ತದೆ. ಪದೇ ಪದೇ ಸಡಿಲ ಆಗುತ್ತಿದ್ದರೆ ಕ್ಯಾಪು ಎತ್ತರ ಇದೆ ಅಂತ. ಮೆಲ್ಲಗೆ ಹಲ್ಲು ಕೂಡಿಸಿದಾಗ ತೆಳು ಹಾಳೆ ಆ ಕ್ಯಾಪಿನ ಮೇಲಿಂದ ಜಾರಿ ಬರಬೇಕು, ಗಟ್ಟಿ ಕಚ್ಚಿದಾಗ ಮಾತ್ರ ಹಿಡಿಯಬೇಕು. ಸ್ವಂತ ಹಲ್ಲು ಒತ್ತಿದರೆ ಎಲುಬಿನೊಳಗೆ ತುಸು ತಗ್ಗುತ್ತದೆ, ಇಂಪ್ಲಾಂಟ್ ತಗ್ಗಲ್ಲ, ಅದಕ್ಕೇ ಈ ಲೆಕ್ಕ.

ಎಲುಬಿನೊಳಗಿನ ದೊಡ್ಡ ಸ್ಕ್ರೂವೇ ಅಲುಗಾಡಿದರೆ ಮಾತ್ರ ಉಳಿಯಲ್ಲ. ತೆಗೆದು, ಎರಡು-ಮೂರು ತಿಂಗಳು ಎಲುಬು ತುಂಬಲು ಬಿಟ್ಟು ಮತ್ತೆ ಹಾಕಬಹುದು.

---

ಕ್ಯಾಪ್_ಲ್ಯಾಬ್ (ರಾಯಚೂರು)

ಐದಾರು ವರ್ಷ ಆದ ಮೇಲೆ ಮುಂದಿನ ಹಲ್ಲಿಗೂ ಕ್ಯಾಪಿಗೂ ನಡುವೆ ಸಂದು ಬಿದ್ದು ತೊಗರಿಬೇಳೆ ಸಿಕ್ಕಿಕೊಳ್ಳೋಕೆ ಶುರುವಾದ್ರೆ ಗಾಬರಿ ಬೇಡ. ಸ್ವಂತ ಹಲ್ಲು ವಯಸ್ಸಿನ ಜೋಡಿ ಮುಂದಕ್ಕೆ ಸರೀತಾವೆ, ಇಂಪ್ಲಾಂಟ್ ಇದ್ದಲ್ಲೇ ಇರ್ತದೆ. ಸ್ಕ್ರೂ ಕ್ಯಾಪಾದ್ರೆ ಬಿಚ್ಚಿ ಲ್ಯಾಬಿಗೆ ಕಳಿಸಿ, ಆ ಪಕ್ಕಕ್ಕೆ ಒಂದು ಪದರ ಏರಿಸಿ ಕೊಡ್ತೀವಿ. ಬರುವಾಗ ಆ ಸ್ಟಿಕರ್ ತನ್ನಿ. ಅವ್ವನ ಶುಗರ್ ಫೈಲಿನಾಗೇ ಅಂಟಿಸಿ ಇಟ್ಟುಬಿಡಿ, ಆ ಫೈಲು ಯಾರೂ ಕಳೆಯಲ್ಲ.